ಕಳ್ಳನಿಗೂ ಬೇಡವಾದ ನನ್ನ ಚಪ್ಪಲಿ

ನಿರ್ಭೀತಿ ವಾಹನ ವಿಮಾ ಕಂಪನಿಯ ಪರಿಹಾರ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಪಂಚಾಕ್ಷರಪ್ಪನು ತಮಗೂ, ತಮ್ಮ ಮೇಜಿನ ಮೇಲಿರುವ ‘ತಿರಸ್ಕರಿಸಲಾಗಿದೆ’ ಎಂಬ ಮೊಹರಿಗೂ, ಅದನ್ನು ಒತ್ತಿ ಒತ್ತಿ ದಣಿದಿರುವ ತಮ್ಮ ಬಲಗೈಗೂ ಮಾಡುವ ಶರಣು ಶರಣಾರ್ಥಿಗಳು. ನಾವಿಲ್ಲಿ ಕ್ಷೇಮ. ಕಾರೂ ಕ್ಷೇಮ. ಕಾರು ಕ್ಷೇಮವಾಗಿರುವುದೇ ನನ್ನ ತಪ್ಪೆಂದು ತಮ್ಮ ಪತ್ರದಿಂದ ತಿಳಿಯಿತು.

ಕಳೆದ ತಿಂಗಳು ನನ್ನ ಮಗಳು ಅಮೂಲ್ಯಾಳ ನಿಶ್ಚಿತಾರ್ಥ ತರೀಕೆರೆಯ ಒಂದು ಸಮುದಾಯ ಭವನದಲ್ಲಿ ನಡೆಯಿತು. ಶುಭಕಾರ್ಯದಲ್ಲಿ ಬಾಗಿಲ ಮುಂದೆ ಬಿಟ್ಟ ಚಪ್ಪಲಿ ಮಾಯವಾಗುವುದು ಎಲೆಗೆ ಪಾಯಸ ಬೀಳುವಷ್ಟೇ ಖಾತ್ರಿಯಾದ್ದರಿಂದ, ಹುಡುಗನ ತಂದೆ, ಕಡೂರಿನ ತೀರ್ಥಪ್ಪನವರು, ಹೊಸ ಚರ್ಮದ ಚಪ್ಪಲಿ ಕಳಚಲು ಹಿಂದೆಮುಂದೆ ನೋಡುತ್ತ ನಿಂತಿದ್ದರು. ನಾನೇ ಮುಂದೆ ಬಿದ್ದು, ಅವರ ಕಡೆಯವರೆಲ್ಲರ ಚಪ್ಪಲಿಗಳನ್ನೂ, ಜೊತೆಗೆ ನನ್ನದನ್ನೂ, ನನ್ನ ಕಾರಿನ ಡಿಕ್ಕಿಯಲ್ಲಿ ಇಡಿಸಿದೆ. ‘ಕಾರೊಳಗೆ ಏನಿಟ್ರೂ ಕವರ್ ಆಗ್ತದೆ ಕಣಣ್ಣ, ಕರ್ಚೀಫ್ ಹೋದ್ರೂ ನಮ್ ಕಂಪ್ನಿ ಸುಮ್ನಿರಲ್ಲ’ ಎಂದು ಪಾಲಿಸಿ ಮಾಡಿಸುವಾಗ ತಮ್ಮ ಏಜೆಂಟ್ ರಾಜಶೇಖರ್ ಆಡಿದ ಮಾತು ಕಿವಿಯಲ್ಲೇ ಇತ್ತು. ಮೊದಲ ಪಂಕ್ತಿಯಲ್ಲಿ ಉಂಡವರು ನನ್ನನ್ನು ಹುಡುಕಿಕೊಂಡು ಅಲೆಯಬಾರದೆಂದು, ನಮ್ಮಲ್ಲಿ ಎಲ್ಲರೂ ಮಾಡುವಂತೆ, ಕೀಲಿಯನ್ನು ಮುಂದಿನ ಚಕ್ರದ ಮೇಲಿಟ್ಟು ಒಳಗೆ ಹೋದೆ.

ಬಂದ ಕಳ್ಳ ಬಹಳ ಸಭ್ಯಸ್ಥ. ಕೀಲಿಯಿಂದಲೇ ಡಿಕ್ಕಿ ತೆಗೆದು, ಎಲ್ಲವನ್ನೂ ಗೋರಿಕೊಂಡು, ಮತ್ತೆ ಲಾಕ್ ಮಾಡಿ, ಕೀಲಿಯನ್ನು ಇದ್ದಲ್ಲಿಯೇ ಇಟ್ಟುಹೋಗಿದ್ದ. ಹಿಮ್ಮಡಿ ಸವೆದು, ಹೆಬ್ಬೆರಳಿನ ಪಟ್ಟಿಗೆ ತಂತಿ ಸುತ್ತಿಸಿಕೊಂಡಿದ್ದ ನನ್ನ ಚಪ್ಪಲಿಯನ್ನು ಮಾತ್ರ ಮುಟ್ಟಿರಲಿಲ್ಲ. ತೀರ್ಥಪ್ಪನವರು ಭವನದ ಶೌಚಾಲಯದ ಮುಂದಿದ್ದ, ಎರಡೂ ಎಡಗಾಲಿನವೇ ಆದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಕಡೂರಿನ ದಾರಿ ಹಿಡಿದರು.

ನಾನು ಹಾಕಿದ್ದ ಅರ್ಜಿಗೆ ತಮ್ಮ ಪತ್ರ ಬಂದ ದಿನ, ಪರಿಹಾರವೇ ಬಂತೆಂದು ಹಿಗ್ಗಿ, ಓದುವ ಮೊದಲೇ ಅದರ ಫೋಟೊ ತೆಗೆದು ಬೀಗರಿಗೆ ವಾಟ್ಸಾಪ್ ಮಾಡಿದ್ದು ನನ್ನ ಬುದ್ಧಿವಂತಿಕೆ. ಗಾಜು ಒಡೆದಿಲ್ಲ, ಬಾಗಿಲು ಮೀಟಿಲ್ಲ, ಆದ್ದರಿಂದ ಕಳ್ಳತನ ನಡೆದದ್ದಕ್ಕೆ ಆಧಾರವಿಲ್ಲ ಎಂದು ತಾವು ಎಷ್ಟು ಚೆಂದವಾಗಿ ಬರೆದಿದ್ದಿರಿ! ಅರ್ಧ ಗಂಟೆಯೊಳಗೆ ತೀರ್ಥಪ್ಪನವರ ಫೋನು ಬಂತು: ‘ಕಳ್ತನವೇ ಆಗಿಲ್ವಂತಲ್ರೀ. ಮತ್ತೆ ನಮ್ಮೋರದೆಲ್ಲ ಹೋಗಿ ನಿಮ್ದೊಂದೇ ಹೆಂಗ್ ಉಳ್ಕೊಂಡ್ತು?’ ಅಂದಿನಿಂದ ಮದುವೆಯ ಮಾತೇ ಇಲ್ಲ. ಅಮೂಲ್ಯಾ ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾಳೆ. ನನ್ನ ಹೆಂಡತಿ ಸಾವಿತ್ರಮ್ಮ ಮುಖದ ಬದಲು ನನ್ನ ಕಾಲನ್ನೇ ನೋಡುತ್ತಾಳೆ. ಹೇಳಿಕೊಳ್ಳಲು ನಾಚಿಕೆ, ಆದರೆ ನನಗೆ ನಿಜವಾಗಿ ಸಂಕಟವಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಹಣದ್ದಲ್ಲ. ‘ಕಳ್ಳತನ ನಡೆದಿದೆ, ಕಳ್ಳ ಪಂಚಾಕ್ಷರಪ್ಪನಲ್ಲ’ ಎಂದು ಒಂದು ಸಾಲು ಬರೆದು ಅದರ ಮೇಲೆ ಮೊಹರು ಒತ್ತಿಕೊಡಿ. ಅದು ನಿಯಮಕ್ಕೆ ವಿರುದ್ಧವಾದರೆ, ದಯಮಾಡಿ ಒಬ್ಬ ಸಿಬ್ಬಂದಿಯನ್ನು ಕಳಿಸಿ ನನ್ನ ಕಾರಿನ ಗಾಜನ್ನು ಹಿಂದಿನ ತಾರೀಖಿಗೆ ಒಡೆಸಿಕೊಡಿ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಕಳ್ಳರಿಗೆ ಕಂಪನಿಯ ಖರ್ಚಿನಲ್ಲಿ ಒಂದು ತರಬೇತಿ ಶಿಬಿರ ನಡೆಸಿ, ಇನ್ನು ಮುಂದಾದರೂ ಸದ್ದುಮಾಡಿ ಕದಿಯುವಂತೆ ತಿಳಿಹೇಳಿ. ಇದಾವುದೂ ಆಗದಿದ್ದಲ್ಲಿ ನನ್ನ ಚಪ್ಪಲಿಯನ್ನು ತಮ್ಮ ತಜ್ಞರಿಂದ ಪರೀಕ್ಷೆ ಮಾಡಿಸಿ, ಮಾನವಂತನಾದ ಯಾವ ಕಳ್ಳನೂ ಇದನ್ನು ಮುಟ್ಟಲಾರ ಎಂದು ಪ್ರಮಾಣಪತ್ರ ನೀಡಿ.

ಬರಿಗಾಲಿನ ಬೀಗರ ಎದುರು ಚಪ್ಪಲಿ ಮೆಟ್ಟಿ ನಿಂತು ಮರ್ಯಾದೆ ಕಳೆದುಕೊಂಡ,
ತಮ್ಮ ವಿಶ್ವಾಸಿ,
ಪಂಚಾಕ್ಷರಪ್ಪ

ಮರೆತ ಮಾತು: ಇದನ್ನು ಅಂಚೆಗೆ ಹಾಕುವ ಮುನ್ನವೇ ತಮ್ಮ ಸರ್ವೇಯರ್ ಮೃತ್ಯುಂಜಯ ಅವರು ಕಾರನ್ನು ಮತ್ತೊಮ್ಮೆ ನೋಡಲು ಮನೆಗೆ ಬಂದರು. ಸಂಬಂಧವನ್ನು ಇಲ್ಲಿಗೇ ಬಿಡೋಣವೆಂದು ಹೇಳಲು ಬಂದಿದ್ದ ತೀರ್ಥಪ್ಪನವರು ಆಗ ಜಗುಲಿಯ ಮೇಲೆ ಕೂತಿದ್ದರು. ತಮ್ಮ ಸರ್ವೇಯರ್ ಹೊಳೆಯುವ ಬೂಟು ಬಿಚ್ಚಿ, ಅವರು ಬಂದಿದ್ದ ಕಾರಿನೊಳಗೇ ಇಟ್ಟು, ಲಾಕ್ ಮಾಡಿ, ಬಾಗಿಲನ್ನು ಎಳೆದು ನೋಡಿ, ಕಾದ ನೆಲದ ಮೇಲೆ ಬರಿಗಾಲಲ್ಲಿ ಕುಪ್ಪಳಿಸುತ್ತ ಬಂದರು. ಯಾಕೆ ಸ್ವಾಮಿ ಎಂದರೆ, ‘ಹೊರಗ್ ಬಿಟ್ರೆ ಯಾರಾದ್ರೂ ಎತ್ಕೊಂಡ್ ಹೋಗ್ತಾರೆ ಕಣ್ರೀ’ ಎಂದರು. ತೀರ್ಥಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸಾವಿತ್ರಮ್ಮನಿಂದ ಕ್ಯಾಲೆಂಡರ್ ತರಿಸಿ ಅಲ್ಲೇ ಮದುವೆಯ ದಿನ ಗೊತ್ತುಮಾಡಿದರು. ಲಗ್ನಪತ್ರಿಕೆ ಇದರೊಂದಿಗೆ ಇದೆ. ತಾವು ಹೊಸ ಬೂಟು ಹಾಕಿಕೊಂಡೇ ಬರಬೇಕು. ಇಡಲು ನನ್ನ ಕಾರಿದೆ, ಕೀಲಿ ಚಕ್ರದ ಮೇಲಿರುತ್ತದೆ.