ಮೇಲೂರಿನ ನಾಲ್ಕನೇ ಜ್ವರ

ಪ್ರಶ್ನೆ ಕೇಳುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ ಎಂದು ನಾನು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದವಳಿಗೆ ಹಾಗನ್ನಿಸುವುದು ಸಹಜವೇ. ಅಲ್ಲಿ ಉತ್ತರ ನನಗೆ ಮೊದಲೇ ಗೊತ್ತಿರುತ್ತಿತ್ತು. ಗೊತ್ತಿಲ್ಲದೆ ಒದ್ದಾಡುವುದು ಎದುರಿಗೆ ನಿಂತವರ ಪಾಡು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಗುರುತಿಲ್ಲದವರ ಮನೆಗೆ ಹೋಗಿ ಕೇಳುವುದು ಎಂಥ ಫಜೀತಿ ಎಂಬುದು ತಿಳಿದದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಸ್ಕೂಲು ಬಿಟ್ಟು ಸರ್ವೆ ಮೇಡಂ ಆದಾಗ.

ಸರ್ವೆ ಎಂದರೆ ಜಮೀನಿನ ಸರ್ವೆಯಲ್ಲ. ಇದನ್ನು ಪ್ರತಿ ಹಳ್ಳಿಯಲ್ಲೂ ಮೊದಲು ಹೇಳಬೇಕು, ಇಲ್ಲದಿದ್ದರೆ ಪಕ್ಕದ ಹೊಲದವರು ಬದು ಒತ್ತಿದ ಕಥೆ ಶುರುವಾಗುತ್ತದೆ. ನಮ್ಮದು ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಯುವಜನರ ಶಿಕ್ಷಣ ಮತ್ತು ಆರೋಗ್ಯ’ ಎಂಬ ಸಂಶೋಧನೆ. ಎಲ್ಲೋ ದೂರದ ವಿಶ್ವವಿದ್ಯಾಲಯದವರು ಪ್ರಶ್ನೆ ಬರೆದಿದ್ದಾರೆ, ಇನ್ನೆಲ್ಲೋ ಕೂತವರು ಅದನ್ನು ಕನ್ನಡ ಮಾಡಿದ್ದಾರೆ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಟ್ಯಾಬ್ ಹಿಡಿದು ಬಿಸಿಲಲ್ಲಿ ಸುತ್ತುವುದು ನನ್ನಂಥವರ ಪಾಲು. ಸಂಬಳಕ್ಕಾಗಿ ಸೇರಿದೆ ಎಂದು ತಂಗಿಯ ಹತ್ತಿರ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಮಾತಿಗಾಗಿ ಸೇರಿದೆ. ಅಮ್ಮ ಹೋದ ಮೇಲೆ ಶಿಡ್ಲಘಟ್ಟದ ನನ್ನ ಮಹಡಿ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ, ಅದೂ ಮೂರು ಸಲ. ಮದುವೆ ಯಾಕೆ ಆಗಲಿಲ್ಲ ಎಂದು ಹಿಂದೆ ಜನ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಈಗ ಯಾರಾದರೂ ಬಂದು ಕೇಳಿದರೆ ಕೂರಿಸಿ, ಕಾಫಿ ಕೊಟ್ಟು, ಮೊದಲಿಂದ ವಿವರವಾಗಿ ಹೇಳಿಯೇನು. ಯಾರೂ ಕೇಳುವುದಿಲ್ಲ. ಪ್ರತಿ ಫಾರಂ ಮುಗಿದಾಗ ಟ್ಯಾಬಿನ ಮೇಲೆ ‘ಧನ್ಯವಾದಗಳು. ನಿಮ್ಮ ಉತ್ತರ ನಮಗೆ ಮುಖ್ಯ’ ಎಂದು ಬರುತ್ತದೆ. ಅದು ನನಗೆ ಹೇಳಿದ್ದಲ್ಲ ಎಂದು ಗೊತ್ತು. ಆದರೂ ಒಂದೆರಡು ಸಲ “ಇರಲಿ ಬಿಡಪ್ಪ” ಎಂದಿದ್ದೇನೆ.

ಫಾರಂನಲ್ಲಿ ನನ್ನ ಜೀವ ತಿನ್ನುವುದು ಇಪ್ಪತ್ತೇಳನೆಯ ಪ್ರಶ್ನೆ. ‘ಕಳೆದ ಎರಡು ವಾರಗಳಲ್ಲಿ ನಿಮಗೆ ಒಂಟಿತನ ಅನ್ನಿಸಿದೆಯೇ? ಯಾವತ್ತೂ ಇಲ್ಲ, ಕೆಲವು ದಿನ, ಹೆಚ್ಚಿನ ದಿನ, ಪ್ರತಿದಿನ.’ ಅದರ ಕೆಳಗೆ ಕೆಂಪಕ್ಷರದಲ್ಲಿ ಒಂದು ಸೂಚನೆ: ‘ಈ ಪ್ರಶ್ನೆ ಕೇಳುವಾಗ ಮೂರನೆಯವರು ಇರಕೂಡದು.’ ಇದನ್ನು ಬರೆದ ಪುಣ್ಯಾತ್ಮರು ನಮ್ಮ ಕಡೆಯ ಮನೆಗಳನ್ನು ನೋಡಿಲ್ಲ. ಟ್ಯಾಬ್ ಹಿಡಿದ ಹೆಂಗಸು ಬಂದಳೆಂದರೆ ಮನೆಯವರಿರಲಿ, ಎದುರು ಮನೆಯವರೂ ಸೊಪ್ಪು ಬಿಡಿಸುತ್ತಲೇ ಬಂದು ಕೂರುತ್ತಾರೆ. ಒಂಟಿತನದ ಬಗ್ಗೆ ಕೇಳಲು ಒಂಟಿಯಾಗಿ ಸಿಗುವ ಒಬ್ಬರನ್ನು ಹುಡುಕುತ್ತಾ ನಾನು ನಾಲ್ಕು ತಾಲ್ಲೂಕು ಅಲೆದೆ. ಹಾಗೆ ಸಿಕ್ಕವಳು ನಾನೊಬ್ಬಳೇ, ನನ್ನ ವಯಸ್ಸು ಅವರ ಲೆಕ್ಕಕ್ಕೆ ಬರುವುದಿಲ್ಲ.

ಮೇಲೂರಿನ ಆ ಮನೆಗೆ ಮೊದಲ ಸಲ ಹೋದಾಗಲೂ ಇದೇ ಕಥೆ. ಕೇಳಬೇಕಾದದ್ದು ಚೈತ್ರ ಎಂಬ ಹತ್ತೊಂಬತ್ತರ ಹುಡುಗಿಯನ್ನು; ಡಿಗ್ರಿ ಓದುತ್ತಿದ್ದಾಳೆ. ಆದರೆ ಪ್ರಶ್ನೆ ನನ್ನ ಬಾಯಿಂದ ಬಿದ್ದ ಕೂಡಲೇ ಹಿಡಿಯುತ್ತಿದ್ದವರು ಅವಳ ಅಜ್ಜಿ. ಹುಡುಗಿ ಜಗಲಿಯ ಮೂಲೆಯಲ್ಲಿ ತುಟಿ ಕಚ್ಚಿಕೊಂಡು ಕೂತಿತ್ತು.

“ಕಳೆದ ಎರಡು ವಾರದಲ್ಲಿ ಮನೆಯಲ್ಲಿ ಜ್ವರ ಬಂದಿತ್ತಾ?”

“ಬಂದಿತ್ತಮ್ಮ. ನಾಲ್ಕನೇ ಜ್ವರ. ಮೊನ್ನೆ ಎದ್ದಾಯ್ತು.”

“ನಾಲ್ಕು ಸಲಾನಾ? ಯಾರಿಗೆ?”

“ಎಲ್ಲಕ್ಕೂ. ಒಂದೇ ಸಲ ಬರಬೇಕಮ್ಮ, ಹಿಂದೆ ಮುಂದೆ ಆಗ್ಬಿಟ್ರೆ ಮನೆ ಕೆಟ್ಟಂಗೇ ಲೆಕ್ಕ.”

ಎಂಥ ಒಗ್ಗಟ್ಟಿನ ಮನೆ ಎಂದುಕೊಂಡು ಗುರುತು ಹಾಕಿದೆ. ಜ್ವರದಲ್ಲಿ ಊಟ? “ಏನೂ ಮುಟ್ಟಲ್ಲ, ತಲೆ ಎತ್ಕೊಂಡು ಸುಮ್ನೆ ಇರೋದೇ.” ಜ್ವರ ಬಿಟ್ಟ ಮೇಲೆ? “ಅಯ್ಯೋ, ಹಗಲೂ ರಾತ್ರಿ ತಿನ್ನೋದೇ ತಿನ್ನೋದು, ತಂದು ಹಾಕಿ ಹಾಕಿ ನಮ್ಮ ಸೊಂಟ ಬಿದ್ದೋಯ್ತು.” ಡಾಕ್ಟರಿಗೆ ತೋರಿಸಿದಿರಾ? ಅಜ್ಜಿ ನನ್ನನ್ನು ಒಂಥರಾ ನೋಡಿದರು. “ಡಾಕ್ಟ್ರ್ಯಾಕಮ್ಮ? ಮೇಲೆ ಸುಣ್ಣ ಉದುರಿಸಿದ್ವಿ.” ನಾನು ‘ಮನೆಮದ್ದು: ಸುಣ್ಣ’ ಎಂದು ಬರೆದೆ. ಬರೆದು ಸುಮ್ಮನಿದ್ದರೂ ಆಗಿತ್ತು. ಜ್ವರಕ್ಕೆ ಸುಣ್ಣ ಒಳ್ಳೆಯದಲ್ಲ ಅಜ್ಜಿ, ಚರ್ಮ ಸುಟ್ಟೀತು ಎಂದು ಬುದ್ಧಿ ಬೇರೆ ಹೇಳಿದೆ. “ಮತ್ತಿನ್ನೇನು ಬೂದಿ ಹಾಕಣಾ?” ಎಂದರು ಅಜ್ಜಿ. ಹುಡುಗಿ ಸೆರಗಿಲ್ಲದ್ದಕ್ಕೆ ದುಪಟ್ಟಾವನ್ನೇ ಬಾಯಿಗೆ ತುರುಕಿಕೊಂಡು ಒಳಗೆ ಓಡಿತು. ಪಾಪ, ನಾಲ್ಕು ಜ್ವರ ಕಂಡ ಜೀವ ಎಂದುಕೊಂಡೆ. ವಾಪಸು ಬಂದ ಮೇಲೆ ಇಪ್ಪತ್ತೇಳನೆಯದನ್ನು ಕೇಳಿದೆ. “ಅವಳಿಗ್ಯಾವ ಒಂಟಿತನಮ್ಮ, ನಾವು ಏಳು ಜನ ಇದೀವಲ್ಲ!” ಎಂದರು ಅಜ್ಜಿ. ಚೈತ್ರ ತಲೆಯಾಡಿಸಿದಳು. ‘ಯಾವತ್ತೂ ಇಲ್ಲ.’ ಧನ್ಯವಾದಗಳು, ನಿಮ್ಮ ಉತ್ತರ ನಮಗೆ ಮುಖ್ಯ.

ಮಾರನೆಯ ದಿನ ಬೆಳಿಗ್ಗೆಯೇ ನಮ್ಮ ಸೂಪರ್‌ವೈಸರ್ ಕಿರಣ್ ಫೋನ್ ಮಾಡಿದ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು, ಒಳ್ಳೆಯ ಹುಡುಗ, ಆದರೆ ಗಾಬರಿ ಜಾಸ್ತಿ. “ಮೇಡಂ, ಒಂದೇ ಮನೇಲಿ ಅಷ್ಟೂ ಜನಕ್ಕೆ ನಾಲ್ಕು ಸಲ ಜ್ವರ! ಮೈಗೆ ಸುಣ್ಣ! ಇದೇನ್ ಮೇಡಂ? ಮೇಲಿನವ್ರು ಕೇಳ್ತಿದಾರೆ. ಮರುಭೇಟಿ ಮಾಡ್ಬಿಡಿ.” ಬೇರೆಯವರಾಗಿದ್ದರೆ ಮರುಭೇಟಿ ಎಂದರೆ ಮುಖ ಸಿಂಡರಿಸುತ್ತಿದ್ದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟೆ. ಒಂದೇ ಮನೆಗೆ ಎರಡನೆಯ ಸಲ ಹೋಗುವ ಯೋಗ ನನಗೆ ಬಂದು ಎಷ್ಟು ಕಾಲವಾಗಿತ್ತು!

ಹೋದಾಗ ಚೈತ್ರ, ಅಜ್ಜಿ ಇಬ್ಬರನ್ನು ಬಿಟ್ಟು ಮನೆಯವರೆಲ್ಲ ಹಿಪ್ಪುನೇರಳೆ ತೋಟದಲ್ಲಿದ್ದರು. ಮಂಡಿನೋವಿನ ಅಜ್ಜಿ ಜಗಲಿಯಲ್ಲಿ ತೂಕಡಿಸುತ್ತಿದ್ದರು. ನಾನು ಜ್ವರದ ವಿಚಾರ ಎತ್ತಿದ್ದೇ ತಡ, ಚೈತ್ರ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. “ಬನ್ನಿ ಮೇಡಂ, ಜ್ವರ ತೋರಿಸ್ತೀನಿ” ಎಂದು ಕೈಕಾಲು ತೊಳೆಸಿ ಹಿತ್ತಲಿನ ಹುಳುಮನೆಗೆ ಕರೆದುಕೊಂಡು ಹೋದಳು. ಒಳಗೆ ಅಟ್ಟಣಿಗೆಯ ಮೇಲೆ ಅಟ್ಟಣಿಗೆ, ಅದರ ತುಂಬ ಬೆರಳುದ್ದದ ರೇಷ್ಮೆ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂಥ ಸದ್ದು. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಬಿಡುತ್ತದಂತೆ. ಆಗ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಇರುತ್ತದಂತೆ. ಅದಕ್ಕೇ ಇಲ್ಲಿ ಜ್ವರ ಎನ್ನುವುದಂತೆ. ರೋಗ ಬರದಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರಂತೆ. ನಾನು ಅಟ್ಟಣಿಗೆಯ ಕಂಬ ಹಿಡಿದು ನಿಂತೆ. ರೇಷ್ಮೆ ಊರಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು, ಕಷ್ಟಪದಗಳ ಅರ್ಥ ಹೇಳದ ಮಕ್ಕಳಿಗೆ ಬಸ್ಕಿ ಹೊಡೆಸಿದವಳು, ಜ್ವರ ಎಂಬ ಎರಡಕ್ಷರಕ್ಕೆ ಅರ್ಥ ಗೊತ್ತಿಲ್ಲದೆ ಸಾವಿರಾರು ಹುಳುಗಳ ಕಾಯಿಲೆಯನ್ನು ಅಭಿವೃದ್ಧಿಶೀಲ ರಾಷ್ಟ್ರದ ಯುವಜನರ ಹೆಸರಿಗೆ ಬರೆದುಬಿಟ್ಟಿದ್ದೆ. “ನೀನಾದರೂ ಆವತ್ತೇ ಹೇಳಬಾರದಿತ್ತೇನೇ?” ಎಂದೆ. “ಅಜ್ಜಿ ಮಾತು ನಿಲ್ಲಿಸಿದ್ರೆ ತಾನೇ ಮೇಡಂ” ಎಂದಳು.

ಆಗ ಹೊಳೆಯಿತು: ಇಲ್ಲಿ ಮೂರನೆಯವರಿಲ್ಲ. ಹುಳುಗಳ ಬಗ್ಗೆ ಸೂಚನೆಯಲ್ಲಿ ಏನೂ ಹೇಳಿರಲಿಲ್ಲ. ಟ್ಯಾಬ್ ತೆಗೆದು ಇಪ್ಪತ್ತೇಳನೆಯ ಪ್ರಶ್ನೆಯನ್ನು ಕೆಂಪಕ್ಷರದ ಸೂಚನೆಯ ಸಮೇತ ಇನ್ನೊಮ್ಮೆ ಗಟ್ಟಿಯಾಗಿ ಓದಿದೆ. ಚೈತ್ರ ಸೊಪ್ಪು ಹಾಕುತ್ತಲೇ ಯೋಚಿಸಿದಳು. “ಒಂಟಿತನ ಎಲ್ಲಿ ಸಿಗುತ್ತೆ ಮೇಡಂ ನಂಗೆ? ಒಂದು ಪೇಪರ್ ಉಳ್ಕೊಂಡಿದೆ. ಈ ಸಲ ಪಾಸಾಗ್ಲಿಲ್ಲ ಅಂದ್ರೆ ಓದು ಸಾಕು ಅಂದಿದಾರೆ ಮನೇಲಿ. ಪುಸ್ತಕ ತೆಗೆದ್ರೆ ಸಾಕು, ಒಬ್ರು ಕರೀತಾರೆ. ಹುಳ ಜ್ವರಕ್ಕೆ ಕೂತಾಗ ಯಾರೂ ಮುಟ್ಟಂಗಿಲ್ಲ, ಅಲ್ಲಾಡಿಸಂಗಿಲ್ಲ. ನನ್ನೂ ಹಂಗೇ ಒಂದಿನ ಬಿಟ್ಬಿಟ್ರೆ ಸಾಕು ಅನ್ಸುತ್ತೆ.” ಆ ಉತ್ತರಕ್ಕೆ ಟ್ಯಾಬಿನ ನಾಲ್ಕು ಮನೆಗಳಲ್ಲಿ ಯಾವುದೂ ಹೊಂದಲಿಲ್ಲ. ನಾನು ತಡಕಾಡುತ್ತಿರುವಾಗ ಅವಳು ಕೇಳಿದಳು, “ನಿಮಗೆ ಮೇಡಂ?”

“ಯಾವತ್ತೂ ಇಲ್ಲಪ್ಪ” ಎಂದೆ, ಥಟ್ಟನೆ.

“ಮೂರನೆಯವ್ರು ಯಾರೂ ಇಲ್ಲ ಮೇಡಂ ಇಲ್ಲಿ.”

ಹುಳುಗಳು ತಿನ್ನುತ್ತಲೇ ಇದ್ದವು. “ಪ್ರತಿದಿನ” ಎಂದೆ. ಅಮ್ಮ ಹೋದ ಎರಡು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಯಾಕೆಂದರೆ ಕೇಳಿದವರು ಅವಳೇ ಮೊದಲು. ಅಳು ನುಂಗಿಕೊಳ್ಳುವ ಅವಸರದಲ್ಲಿ ಹೇಳಿದೆ: “ನಿಂಗೆ ಓದೋಕೆ ಜಾಗ ತಾನೇ ಬೇಕು? ನಮ್ಮನೆಗೆ ಬಾ. ಅಲ್ಲಿ ಒಂಟಿತನ ಬೇಕಾದಷ್ಟಿದೆ.”

ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲಿನ ಭಾನುವಾರ ಚೈತ್ರ ನಿಜಕ್ಕೂ ಬಂದಳು. ಕನ್ನಡ ಮೇಡಂ ಪಾಠ ಹೇಳಿಕೊಡುತ್ತಾರೆ ಎಂದು ಅಜ್ಜಿಗೆ ನಾನೇ ಹೇಳಿ ಒಪ್ಪಿಸಿದ್ದೆ. ಹುಡುಗಿ ಕಿಟಕಿಯ ಹತ್ತಿರ ಪುಸ್ತಕ ಹರವಿಕೊಂಡು ಕೂತಳು. ನಾನು ಬಾಯಿ ಬಿಡಬಾರದು ಎಂದು ನಿರ್ಧರಿಸಿದ್ದೆ. ಕಾಫಿ ಬೇಕಾ ಎಂದು ಕೇಳುವುದು ಬಾಯಿ ಬಿಟ್ಟಂತೆ ಅಲ್ಲವಲ್ಲ. ಕಾಫಿ ಕೊಟ್ಟ ಮೇಲೆ ಸಕ್ಕರೆ ಸಾಕಾ ಎನ್ನಬೇಕಾಯಿತು. ಸಕ್ಕರೆಯಿಂದ ಅಮ್ಮನ ಸಕ್ಕರೆ ಕಾಯಿಲೆಗೆ ಬಂದೆ, ಅಲ್ಲಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನಂದಿಯ ನಮ್ಮ ಹಳೆಯ ಮನೆಗೆ ನನ್ನನ್ನು ನೋಡಲು ಬಂದು ಉಪ್ಪಿಟ್ಟು ಚೆನ್ನಾಗಿದೆ ಎಂದು ಹೇಳಿ ಹೋಗಿ ಮತ್ತೆ ಬರದ ಗಂಡಿನವರಿಗೆ. ಮದುವೆ ಯಾಕೆ ಆಗಲಿಲ್ಲ ಎಂದು ಅವಳು ಕೇಳಲೇ ಇಲ್ಲ, ನಾನು ಹೇಳುವುದನ್ನು ಬಿಡಲೂ ಇಲ್ಲ. ಕಡಲೆಕಾಯಿ ಬೇಯಿಸಿದೆ. ಐದು ಗಂಟೆಗೆ ಅವಳು ಎದ್ದಾಗ ಪುಸ್ತಕ ಬೆಳಿಗ್ಗೆ ತೆರೆದ ಪುಟದಲ್ಲೇ ಇತ್ತು. “ಬರ್ತೀನಿ ಮೇಡಂ, ಚೆನ್ನಾಗಿತ್ತು” ಎಂದಳು. ನಂದಿಯ ಉಪ್ಪಿಟ್ಟಿಗೂ ಹೀಗೇ ಹೇಳಿದ್ದರು.

ಮುಂದಿನ ಭಾನುವಾರ ಬರಲಿಲ್ಲ. ಎರಡು ಲೋಟ ಇಟ್ಟುಕೊಂಡು ಹನ್ನೊಂದರವರೆಗೆ ಕಾದೆ. ಫೋನ್ ಮಾಡಿದರೆ, “ಹೊಸ ಹುಳದ ಮರಿ ಬಂದಿವೆ ಮೇಡಂ, ಕೆಲಸ” ಎಂದಳು. ಅಜ್ಜಿಯ ಮುಂದೆ ಕೂತು ತಲೆಯಾಡಿಸಿದ್ದ ಹುಡುಗಿಯ ದನಿಯೇ ಅದು. ನನಗೆ ಗುರುತು ಸಿಕ್ಕಿತು. ಮನೆಯವರು ಏಳೂ ಜನ ಸೇರಿ ಮಾಡುತ್ತಿದ್ದುದನ್ನು ನಾನೊಬ್ಬಳೇ ಮಾಡಿದ್ದೆ. ಜ್ವರಕ್ಕೆ ಕೂತಿದ್ದನ್ನು ದಿನವಿಡೀ ಅಲ್ಲಾಡಿಸಿದ್ದೆ. ಪರೀಕ್ಷೆಗೆ ಒಂದು ತಿಂಗಳೂ ಇರಲಿಲ್ಲ. ಅವಮಾನವಾಯಿತು, ಅವಳ ಮೇಲೆ ಕೋಪವೂ ಬಂತು, ಆಮೇಲೆ ಇನ್ನೊಮ್ಮೆ ಫೋನ್ ಮಾಡಿದೆ. “ಬಾ ಚೈತ್ರಮ್ಮ. ಬೀಗದ ಕೈ ಕೆಳಗಿನ ಮನೆಯವರ ಹತ್ರ ಇರುತ್ತೆ. ನಾನು ಮನೇಲಿ ಇರಲ್ಲ, ಭಾನುವಾರ ನನಗೆ ಡ್ಯೂಟಿ.”

ಭಾನುವಾರ ನನಗೆ ಯಾವ ಡ್ಯೂಟಿಯೂ ಇಲ್ಲ. ಈಗ ಮೂರು ವಾರದಿಂದ ಭಾನುವಾರ ಬೆಳಿಗ್ಗೆ ಖಾಲಿ ಟ್ಯಾಬ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಕೂರುತ್ತೇನೆ. ಚಿಂತಾಮಣಿ ಬಸ್ಸು ಬರುತ್ತದೆ, ಹೋಗುತ್ತದೆ. ಪಕ್ಕ ಕೂತವರನ್ನು ನಾನೇ ಮಾತಾಡಿಸುತ್ತೇನೆ. ಅವರ ಬಸ್ಸು ಬೇಗ ಬಂದುಬಿಡುತ್ತದೆ. ಎರಡು ವರ್ಷದ ಮೇಲೆ ನನ್ನ ಮನೆಯಲ್ಲಿ ಒಂದು ಜೀವ ಓಡಾಡಿಕೊಂಡಿದೆ, ಅದನ್ನು ನೋಡಲು ನಾನು ಮಾತ್ರ ಇಲ್ಲ. ಸಂಜೆ ಹೋದರೆ ನನ್ನ ಬೆಳಗಿನದೂ ಸೇರಿ ಎರಡು ಲೋಟ ತೊಳೆದು ಬೋರಲು ಹಾಕಿರುತ್ತಾಳೆ. ಹತ್ತು ನಿಮಿಷ ಮಾತು, ಆಮೇಲೆ ಅವಳ ಬಸ್ಸು. ಈಗ ಇಪ್ಪತ್ತೇಳನೆಯ ಪ್ರಶ್ನೆಗೆ ‘ಪ್ರತಿದಿನ’ ಎನ್ನಲಾರೆ. ‘ಹೆಚ್ಚಿನ ದಿನ’ ಎನ್ನಬಹುದು. ಒಂದು ಮನೆ ಮುಂದೆ ಬಂದಿದ್ದೇನೆ.

ಮೊನ್ನೆ ತಡೆಯಲಾರದೆ ಅರ್ಧ ಗಂಟೆ ಮುಂಚೆಯೇ ಮೆಟ್ಟಿಲು ಹತ್ತಿದೆ. ಒಳಗಿಂದ ಅವಳು ಗಟ್ಟಿಯಾಗಿ ಓದಿಕೊಳ್ಳುವುದು ಕೇಳಿಸಿತು. ಬೆಲ್ಲಿನ ಮೇಲೆ ಬೆರಳು ಇಟ್ಟವಳು ತೆಗೆದೆ. ಚಪ್ಪಲಿ ಸದ್ದಾಗದಂತೆ ಮೆಟ್ಟಿಲ ಮೇಲೆ ಕೂತೆ. ಆ ಕೆಂಪಕ್ಷರದ ಮೂರನೆಯವರು ಯಾರು ಎಂದು ಕಡೆಗೂ ತಿಳಿಯಿತು. ಅವರು ನನ್ನ ಮನೆಯ ಬಾಗಿಲಲ್ಲಿ, ಮಂಡಿಯ ಮೇಲೆ ಖಾಲಿ ಚೀಲ ಇಟ್ಟುಕೊಂಡು, ಐದು ಗಂಟೆಯಾಗುವುದನ್ನೇ ಕಾಯುತ್ತಿದ್ದರು.