ಮಾವನ ಮೂಗು ಮತ್ತು ಎರಡು ಡಬ್ಬಿ ಹಾಪ್ಸ್

ಮನೆಯಲ್ಲೇ ಬಿಯರ್ ತಯಾರಿಸುವುದು ಹುರುಳಿ ಮೊಳಕೆ ಕಟ್ಟಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಹನ್ನೆರಡು ವಿಡಿಯೋ ನೋಡಿದ್ದೆನಲ್ಲ! ಬಿಯರಿಗೆ ಹಾಕುವ ಹಾಪ್ಸ್ ಎಂಬ ಒಣಹೂವಿನ ಎರಡು ತಳಿಗಳನ್ನು ಹಾಸನದ ನಮ್ಮ ಬಾಡಿಗೆ ಮನೆಗೆ ತರಿಸಿದೆ. ಮ್ಯಾಗ್ನಮ್ ಬಲು ಕಹಿ, ಕ್ಯಾಸ್ಕೇಡ್ ಬಲು ಘಮ. ಯಾವುದನ್ನು ಹಾಕಲಿ ಎಂದು ಯೋಚಿಸುತ್ತಿರುವಾಗಲೇ ಅರಕಲಗೂಡಿನಿಂದ ಮಾವ ಬರುತ್ತಿದ್ದಾರೆಂದು ಫೋನು ಬಂತು.

ಅಳಿಯ ಕುಡಿಯುವುದಿಲ್ಲವೆಂದು ಮೂರು ಊರಿನಲ್ಲಿ ವಿಚಾರಿಸಿ ಮಗಳನ್ನು ಕೊಟ್ಟವರು ಅವರು.

"ಅಪ್ಪಂಗೆ ಗೊತ್ತಾದ್ರೆ ನನ್ನನ್ನ ಇವತ್ತೇ ಊರಿಗೆ ಕರ್ಕೊಂಡೋಗ್ತಾರೆ ಕಣ್ರೀ!" ಎಂದಳು ಹೆಂಡತಿ ಸುಧಾ.

ಕವರಿನ ಮೇಲೆ ಬಿಯರ್ ಲೋಟದ ಚಿತ್ರ! ಹೂವನ್ನು ಎರಡು ಸ್ಟೀಲ್ ಡಬ್ಬಿಗೆ ಸುರಿದು ಕವರು ಸುಟ್ಟೆ. ಆಮೇಲೆ ಎರಡೂ ಡಬ್ಬಿ ತೆರೆದು ಮೂಸಿದೆ. ಯಾವ ಡಬ್ಬಿಯಲ್ಲಿ ಯಾವುದು? ನನ್ನ ಮೂಗಿಗೆ ಎರಡೂ ಒಣಹುಲ್ಲೇ.

ಮಾವನ ಮೂಗು ಹಾಗಲ್ಲ. ನಲವತ್ತು ವರ್ಷ ಹೊಗೆಸೊಪ್ಪನ್ನು ತಿಕ್ಕಿ, ಮೂಸಿ ಗ್ರೇಡು ಮಾಡಿದ ಮೂಗು. ಅಂಥದ್ದು ಮನೆಬಾಗಿಲಿಗೆ ಬಂದಾಗ ಬಿಡುವುದುಂಟೇ? ಧೈರ್ಯವಾಗಿ ಡಬ್ಬಿಗಳನ್ನು ಮುಂದಿಟ್ಟೆ.

"ಮಾವ, ಇದು ಜ್ವರದ ಕಷಾಯದ ಹೂವು. ಯಾವ್ದು ಕಹಿ, ಯಾವ್ದು ಘಮ, ಒಸಿ ನೋಡಿ."

ಮಾವ ತಿಕ್ಕಿದರು. ಮೂಸಿದರು. ಕಣ್ಣು ಮುಚ್ಚಿದರು.

"ಇದು ಘಮ, ಫಸ್ಟ್ ಗ್ರೇಡು. ಅದು ಬೇವಿಗಿಂತ್ಲೂ ಕಹಿ. ಜ್ವರ ಯಾರ್ಗೆ ಅಳಿಯಂದ್ರೆ?"

"ನನಗೇ!" ಎಂದುಬಿಟ್ಟೆ.

"ಅಂಗಾದ್ರೆ ಕಹೀದೇ ಕುಡೀಬೇಕು. ಸುಧಾ, ಒಲೆ ಅಚ್ಚವ್ವ!"

ಅಯ್ಯೋ ದೇವರೇ! ಅಳಿಯನ ಆರೈಕೆಗೆಂದು ಮಾವ ಮೂರು ದಿನ ಉಳಿದರು. ದಿನಕ್ಕೆ ಮೂರು ಲೋಟ ಕಷಾಯ. ಮುದ್ದೆ ಕಹಿ, ನೀರು ಕಹಿ, ಕೊನೆಗೆ ನನ್ನ ಎಂಜಲೂ ಕಹಿ! ಸಕ್ಕರೆ ಕೇಳಿದರೆ "ಸಕ್ರೆ ಆಕುದ್ರೆ ಔಸ್ದಿ ಕೆಟ್ಟೋಯ್ತದೆ" ಎಂದು ಲೋಟ ಬರಿದಾಗುವವರೆಗೆ ಎದುರಿಗೇ ನಿಲ್ಲುತ್ತಿದ್ದರು. ಸುಧಾ ಅಡುಗೆಮನೆಯಲ್ಲಿ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಹೋಗಲಿ, ಗುಟ್ಟು ಉಳಿಯಿತು, ಘಮದ ಡಬ್ಬಿಯೂ ಉಳಿಯಿತು ಎಂದು ನನಗೆ ಒಳಗೊಳಗೇ ಸಮಾಧಾನ.

ನಾಲ್ಕನೇ ದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಮಾವ ಬಸ್ಸಿನ ಕಿಟಕಿಯಿಂದ ಕರೆದರು.

"ಘಮದ ಡಬ್ಬಿ ನನ್ ಬ್ಯಾಗಲ್ಲೈತೆ, ಉಡುಕ್‌ಬ್ಯಾಡಿ. ಬೀರಿಗೆ ಅದೇ ಸರಿ."

"ಬೀ... ಬೀರಾ ಮಾವ?!"

"ಮೂಸಿದ್ ಕೂಡ್ಲೇ ಗೊತ್ತಾಯ್ತು. ಮದ್ವೇಗ್ ಮುಂಚೆ ನಾನೇನ್ ಬರೀ ಮಜ್ಗೆ ಕುಡ್ಕಂಡಿದ್ನಾ? ಮಗ್ಳನ್ನ ಬುಟ್ಟೋಯ್ತಿವ್ನಿ. ಇನ್ನೊಂದ್ಸಲ ಜ್ವರ ಬಂದ್ರೆ ಫೋನ್ ಮಾಡಿ, ಬತ್ತೀನಿ."

ಬಸ್ಸು ಹೊರಟಿತು. ತೆರೆದ ಬಾಯಿ ಮುಚ್ಚದೆ ಮನೆಗೆ ಬಂದೆ. ಸುಧಾ ಹಣೆ ಮುಟ್ಟಿ ನೋಡಿದಳು. ಈಗ ನಿಜವಾಗಲೂ ಜ್ವರ! ಕಷಾಯ ಮಾತ್ರ ಖಾಲಿಯಾಗಿತ್ತು.