ತೀರ್ಪುಗಾರನೂ ಮುಖವಿಲ್ಲದ ಮದುವೆಯೂ

ಒಂದು ಫೋಟೊ ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ಎರಡು ಕಣ್ಣು ಸಾಕು ಎಂದು ನಾನು ನಂಬಿದ್ದೆ. ನನಗೆ ಎರಡು ಇದ್ದವು. ಕನ್ನಡಕ ಸೇರಿಸಿದರೆ ನಾಲ್ಕು. ಆದ್ದರಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಹವ್ಯಾಸಿ ಛಾಯಾಗ್ರಾಹಕರು ಸೇರಿ ಕಟ್ಟಿಕೊಂಡಿದ್ದ ಬಳಗದವರು ಫೋನ್ ಮಾಡಿ, ತಮ್ಮ ತಿಂಗಳ ಸ್ಪರ್ಧೆಗೆ ತೀರ್ಪುಗಾರರಾಗಿ ಬರಬೇಕು ಎಂದಾಗ, ಯೋಚಿಸಿ ಹೇಳುತ್ತೇನೆ ಎಂದು ಗಂಭೀರವಾಗಿ ಹೇಳಿ, ಅದೇ ಉಸಿರಿನಲ್ಲಿ ಒಪ್ಪಿಕೊಂಡೆ.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು. ಕ್ಯಾಮೆರಾ ಹಿಡಿದವನಲ್ಲ. ಆದರೆ ಬಳಗದವರಿಗೆ ಬೇಕಾಗಿದ್ದದ್ದು ಫೋಟೊ ತೆಗೆಯುವವನಲ್ಲ, ಮಾತಾಡುವವನು. ಅವರ ಪದ್ಧತಿ ಹೀಗಿತ್ತು: ಶಾಲೆಯ ಕೋಣೆಯೊಂದರಲ್ಲಿ ಕಿಟಕಿ ಮುಚ್ಚಿ, ಬಿಳಿ ಪರದೆ ಕಟ್ಟಿ, ತೆಗೆದವರ ಹೆಸರು ಹೇಳದೆ ಒಂದೊಂದೇ ಚಿತ್ರ ತೋರಿಸುತ್ತಿದ್ದರು. ತೀರ್ಪುಗಾರ ಪ್ರತಿಯೊಂದರ ಗುಣದೋಷ ಹೇಳಬೇಕು. ತೆಗೆದವರು ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಕೂತವರಿಗೆ ಕೇಳಲು ಇಷ್ಟವಿದೆಯೋ ಇಲ್ಲವೋ ನೋಡದೆ ಒಂದು ಪೀರಿಯಡ್ ಪೂರ್ತಿ ಮಾತಾಡುವ ಅಭ್ಯಾಸ ನನಗೆ ಮೊದಲೇ ಇತ್ತು.

ಆ ವಾರವಿಡೀ ನಾನು ಮೊಬೈಲಿನಲ್ಲಿ ಛಾಯಾಗ್ರಹಣದ ಪಾಠಗಳನ್ನು ನೋಡಿದೆ. ಚೌಕಟ್ಟು, ನೆರಳು, ಖಾಲಿ ಜಾಗ, ನೋಟವನ್ನು ಎಳೆದೊಯ್ಯುವ ಗೆರೆ ಮುಂತಾದ ಪದಗಳನ್ನು ಬಾಯಿಪಾಠ ಮಾಡಿದೆ. ನನ್ನ ಹೆಂಡತಿ ಗಿರಿಜ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದಳು.

"ಏನ್ರೀ, ಪರೀಕ್ಷೆ ಐತಾ ನಿಮಗೆ?"

"ಪರೀಕ್ಷೆ ಅಲ್ಲ, ಮೌಲ್ಯಮಾಪನ."

"ಅದನ್ನ ಮಾಡಾಕೆ ನೀವು ಯಾವಾಗಿಂದ ಓದಾಕೆ ಶುರು ಮಾಡಿದ್ರಿ?"

ಸ್ಪರ್ಧೆಯ ದಿನ ನಾನು ಯಾರನ್ನೂ ಬಿಡಲಿಲ್ಲ. ಸೂಳೆಕೆರೆಯ ಹಿಂದೆ ಸೂರ್ಯ ಮುಳುಗುವ ಚಿತ್ರ ಬಂತು. ಸೂರ್ಯ ನಡುವೆ ಇರಬಾರದಿತ್ತು ಎಂದೆ. ಹೂವಿನ ಮೇಲೆ ಚಿಟ್ಟೆ ಕೂತ ಚಿತ್ರ ಬಂತು. ಚಿಟ್ಟೆ ಹಾರಿಹೋದ ಮೇಲೆ ತೆಗೆದಿದ್ದರೆ ಅರ್ಥ ಹೆಚ್ಚುತ್ತಿತ್ತು ಎಂದೆ. ಆಮೇಲೆ ಒಂದು ಮದುವೆ ಫೋಟೊ ಬಂತು. ವೇದಿಕೆಯ ಮೇಲೆ ಗಂಡು ಹೆಣ್ಣು, ಎರಡೂ ಕಡೆ ಬಂಧುಗಳು ಸಾಲಾಗಿ ನಿಂತು ಕ್ಯಾಮೆರಾ ನೋಡುತ್ತಿದ್ದರು. ನಾನು ಸ್ವಲ್ಪ ಹೊತ್ತು ಮೌನವಾಗಿ ನಿಂತೆ. ಮೌನವಾಗಿ ನಿಲ್ಲುವುದನ್ನೂ ಮೊಬೈಲಿನಲ್ಲೇ ಕಲಿತಿದ್ದೆ.

"ಇದು ಚಿತ್ರವಲ್ಲ. ಹಾಜರಿ ಪುಸ್ತಕ," ಎಂದೆ. "ಮುಖ ತೋರಿಸಿ ಮನುಷ್ಯನನ್ನು ತೋರಿಸುವುದು ಸುಲಭ. ಮುಖವಿಲ್ಲದೆ ತೋರಿಸಿ. ಅದು ಕಲೆ."

ಚಪ್ಪಾಳೆ ಬಿತ್ತು. ಹಾಗೆಂದು ನನ್ನ ನೆನಪು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಿರಿಜ, ಅದು ಚಪ್ಪಾಳೆ ಅಲ್ಲ, ಕಿಟಕಿ ಮುಚ್ಚಿದ್ದರಿಂದ ಜನ ಸೊಳ್ಳೆ ಹೊಡೆಯುತ್ತಿದ್ದರು ಅಂತಾಳೆ. ಇಬ್ಬರಲ್ಲಿ ಯಾರದು ಸರಿ ಎಂದು ನಾನು ಹೇಳಲಾರೆ. ನೆನಪು ಅಂಚು ಕತ್ತರಿಸಿಕೊಂಡೇ ಬರುತ್ತದೆ, ನಡುವೆ ನನ್ನನ್ನೇ ಕೂರಿಸುತ್ತದೆ. ಇಲ್ಲಿಂದ ಮುಂದೆ ನಾನು ಎಲ್ಲೆಲ್ಲಿ ಚೆನ್ನಾಗಿ ಕಾಣುತ್ತೇನೋ ಅಲ್ಲೆಲ್ಲ ಓದುವವರು ಅನುಮಾನಪಡುವುದು ಒಳ್ಳೆಯದು. ಅಂಥ ಜಾಗಗಳು ಬಹಳವೇನಿಲ್ಲ.

ಮುಂದಿನ ತಿಂಗಳೂ ನನ್ನನ್ನೇ ಕರೆದರು. ಆ ಸಲ ಒಂದು ಚಿತ್ರ ನಿಜಕ್ಕೂ ನನ್ನನ್ನು ನಿಲ್ಲಿಸಿತು. ಒಬ್ಬ ಹೆಂಗಸು ಹೂ ಕಟ್ಟುತ್ತಿದ್ದಾಳೆ. ಮುಖ ಇಲ್ಲ, ಕೈ ಮಾತ್ರ. ಬೆರಳ ತುದಿಯಲ್ಲಿ ಬಾಳೆನಾರು ಬಿಗಿಯಾಗಿದೆ. ಮೊದಲ ಬಹುಮಾನ ಅದಕ್ಕೇ ಕೊಟ್ಟೆ. ಹೆಸರು ಕರೆದಾಗ ತಲೆಗೆ ದುಪಟ್ಟಾ ಹೊದ್ದ ಹುಡುಗಿಯೊಬ್ಬಳು ಮುಂದೆ ಬಂದಳು. ಹೊನ್ನಾಳಿಯ ಶಬಾನಾ. ಅಲ್ಲಿ ಬಹಳ ಕಾಲದಿಂದ ಸ್ಟುಡಿಯೊ ನಡೆಸುತ್ತಿರುವ ನಜೀರ್ ಸಾಹೇಬರ ಮಗಳು.

"ಸರ್, ಹೋದ ತಿಂಗಳು ನೀವು ಹಾಜರಿ ಪುಸ್ತಕ ಅಂದ್ರಲ್ಲ, ಅದೂ ನಂದೇ," ಎಂದಳು.

ನನ್ನ ಒಂದು ಮಾತು ಒಬ್ಬರ ಕಣ್ಣು ತೆರೆಸಿತು ಎಂದು ತಿಳಿದ ಮೇಷ್ಟರಿಗೆ ಆಗುವ ಸಂತೋಷ ಅಪಾಯಕಾರಿ. ಅದು ಇನ್ನೊಂದು ಮಾತಿಗೆ ದಾರಿ ಮಾಡುತ್ತದೆ. ಮಗಳನ್ನು ಕರೆದೊಯ್ಯಲು ಬಂದಿದ್ದ ನಜೀರ್ ಸಾಹೇಬರನ್ನು ಹಿಡಿದು ನಿಲ್ಲಿಸಿ, ಇವಳ ಕೈಗೆ ಇನ್ನು ಮದುವೆಗಳನ್ನು ಬಿಡಿ ಎಂದೆ.

"ಮಂಡಿ ನೋವು ಸರ್, ನನಗೂ ನಿಲ್ಲಾಕೆ ಆಗಲ್ಲ," ಎಂದರು ಅವರು. "ಸ್ಟುಡಿಯೊ ನಾನೇ ನೋಡ್ಕೊಳ್ತೀನಿ ಅಂತಾಳೆ. ಆದ್ರೆ ಮದುವೆ ಅಂದ್ರೆ ಎರಡನೇ ಸಲ ಆಗಲ್ಲ. ನೆಂಟರ ಮದುವೆ ಬಿಟ್ರೆ ಹೊರಗೆ ಒಂದು ಮದುವೆನೂ ತೆಗೆದಿಲ್ಲ ಅವಳು. ನಮ್ಮ ಅಣ್ಣನ ಮಗ ಸ್ಟುಡಿಯೊ ಕೇಳ್ತಾ ಕೂತಾನೆ."

ಅಷ್ಟು ಸಾಕಾಯಿತು ನನಗೆ. ಗಿರಿಜಳ ಅಣ್ಣ ರುದ್ರಪ್ಪ ನ್ಯಾಮತಿಯವರು. ಅವರ ಮಗಳು ಚೈತ್ರಳಿಗೆ ಜಗಳೂರಿನ ಗಂಡು ಗೊತ್ತಾಗಿತ್ತು. ಫೋಟೊದ ಜವಾಬ್ದಾರಿ ನನಗೆ ಬಿಡಿ ಭಾವ ಎಂದೆ. ಬಿಟ್ಟರು. ಊಟದ ಬಾಳೆ ಎಲೆಯಂಥ ಮುಖ್ಯ ಜವಾಬ್ದಾರಿ ನನಗೆ ಕೊಡಬಾರದೆಂದು ಅವರು ಮೊದಲೇ ತೀರ್ಮಾನಿಸಿದ್ದರಂತೆ. ಇದು ಆಮೇಲೆ ಗೊತ್ತಾಯಿತು.

ನಜೀರ್ ಸಾಹೇಬರು ಒಂದೇ ಕರಾರು ಹಾಕಿದರು. ಈ ಮದುವೆ ನಾಲ್ಕು ಜನ ಮೆಚ್ಚುವಂತೆ ಬಂದರೆ ಸ್ಟುಡಿಯೊದ ಕ್ಯಾಮೆರಾ ಮಗಳದು. ಇಲ್ಲದಿದ್ದರೆ ಅಣ್ಣನ ಮಗನದು, ಅವಳು ಒಳಗೆ ಕಂಪ್ಯೂಟರಿನಲ್ಲಿ ಆಲ್ಬಂ ಜೋಡಿಸಿಕೊಂಡಿರಬೇಕು.

ಮದುವೆಯ ದಿನ ನಾನು ಗಂಡಿನ ಕಡೆಯವರನ್ನು ಮಾತಾಡಿಸಲಿಲ್ಲ, ತಿಂಡಿಯನ್ನು ನೆಟ್ಟಗೆ ತಿನ್ನಲಿಲ್ಲ. ಶಬಾನಾಳ ಭುಜದ ಹಿಂದೆಯೇ ಇದ್ದೆ. ಆರತಕ್ಷತೆಯಲ್ಲಿ ಜನ ವೇದಿಕೆ ಹತ್ತತೊಡಗಿದರು. ನಮ್ಮ ಕಡೆ ಇದಕ್ಕೊಂದು ಕ್ರಮವಿದೆ. ಮನೆಮಂದಿಯೆಲ್ಲ ಹತ್ತಿ, ಗಂಡುಹೆಣ್ಣಿನ ಎರಡು ಬದಿಗೆ ಹಂಚಿಕೊಂಡು ನಿಂತು, ಫ್ಲ್ಯಾಶ್ ಹೊಳೆಯುವ ತನಕ ಕದಲುವುದಿಲ್ಲ. ಹೊಳೆದ ಮೇಲೆ ಊಟ. ಫ್ಲ್ಯಾಶ್ ಹೊಳೆಯದೆ ಇಳಿದವರು ಮದುವೆಗೆ ಬಂದಂತಲ್ಲ.

"ಸರ್, ಒಂದ್ಸಲ ಎಲ್ಲಾರ್ನೂ ನಿಲ್ಸಿ ತಗೊಂಡುಬಿಡ್ತೀನಿ. ಆಮೇಲೆ ನೀವು ಹೇಳ್ದಂಗೆ ತೆಗೀತೀನಿ," ಎಂದಳು ಶಬಾನಾ.

"ಆ ಒಂದ್ಸಲದಲ್ಲೇ ಕಲೆ ಸಾಯೋದಮ್ಮಾ," ಎಂದೆ.

ಈ ಮಾತನ್ನು ನಾನು ಹೇಳಿರಲಿಕ್ಕಿಲ್ಲ ಎಂದು ಬಹಳ ದಿನ ನಂಬಿದ್ದೆ. ಅವಳು ತಾನಾಗಿಯೇ ಹಾಗೆ ತೆಗೆದಳು ಎಂಬ ಒಂದು ನೆನಪು ನನ್ನಲ್ಲಿ ಸೊಗಸಾಗಿ ಬೆಳೆದುಬಿಟ್ಟಿತ್ತು, ಅದರಲ್ಲಿ ನಾನು ಊಟದ ಪಂಕ್ತಿಯಲ್ಲಿ ಕೂತಿದ್ದೆ. ಆದರೆ ನೆಂಟರೊಬ್ಬರು ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ನಾದಸ್ವರದ ನಡುವೆ ನನ್ನ ದನಿ ಸ್ಪಷ್ಟವಾಗಿದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ವೇದಿಕೆಯ ಮೆಟ್ಟಿಲ ಬಳಿ ನಿಂತು ಹತ್ತುವವರಿಗೆಲ್ಲ ಸೂಚನೆ ಕೊಟ್ಟೆ. ಹೆಣ್ಣಿನ ಸೋದರಮಾವ ಶೇಖರಪ್ಪ ಬಸವಾಪಟ್ಟಣದಿಂದ ಬಂದವರು. ಬೆಳಿಗ್ಗೆ ಮದುಮಗಳನ್ನು ಮಂಟಪಕ್ಕೆ ಕೈಹಿಡಿದು ಕರೆತಂದವರು ಅವರೇ. ಅಂಗಿಯ ಕಾಲರ್ ಸರಿಮಾಡಿಕೊಂಡು ಕೇಳಿದರು.

"ಮೇಷ್ಟ್ರೇ, ಎಲ್ಲಿ ನೋಡ್ಲಿ?"

"ಎಲ್ಲೂ ನೋಡಬೇಡಿ. ನೀವು ನೀವಾಗಿರಿ."

"ನಾನು ನಾನಾಗೇ ಬಂದೀನಿ. ಅಂಗಿ ಒಂದು ಹೊಸದು."

ಜಗಳೂರಿನವರಂತೂ ಕ್ಯಾಮೆರಾ ಹುಡುಕಿ ಹುಡುಕಿ ಸೋತರು. ಅವರು ಬಲಕ್ಕೆ ನೋಡಿದರೆ ಶಬಾನಾ ಎಡಕ್ಕೆ ಇರುತ್ತಿದ್ದಳು. ಅವರು ನಗು ಸಿದ್ಧ ಮಾಡಿಕೊಂಡರೆ ಅವಳು ಹಿಂದಿನಿಂದ ಜಡೆಯನ್ನು ತೆಗೆಯುತ್ತಿದ್ದಳು. ಅವಳ ಪಕ್ಕದಲ್ಲಿ ನಾನು ಬೆರಳಿನಿಂದ ಚೌಕ ಮಾಡಿಕೊಂಡು ತೋರಿಸುತ್ತಿದ್ದೆ.

ಆಲ್ಬಂ ಬಂದ ದಿನ ರುದ್ರಪ್ಪನವರ ನಡುಮನೆಯಲ್ಲಿ ಎರಡೂ ಕಡೆಯವರು ಸೇರಿದ್ದರು. ನಜೀರ್ ಸಾಹೇಬರು ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು, ಶಬಾನಾ ಬಾಗಿಲ ಹತ್ತಿರ ನಿಂತಳು. ಆಲ್ಬಮ್ಮನ್ನು ಮದುಮಗಳನ್ನು ಕೂರಿಸುವಷ್ಟು ಜಾಗರೂಕತೆಯಿಂದ ಚಾಪೆಯ ಮೇಲೆ ಇಟ್ಟು ತೆರೆದರು.

ಮೊದಲ ಪುಟದಲ್ಲಿ ಹೊಗೆ. ಹೊಗೆಯ ಹಿಂದೆ ಅರಿಶಿನದ ಎರಡು ಪಾದ. ಮುಂದಿನ ಪುಟದಲ್ಲಿ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು, ಅವುಗಳ ನಡುವೆ ಒಂದು ಮಲ್ಲಿಗೆ. ನಾನು ನೋಡುತ್ತಾ ಕೂತೆ. ಅವು ಅದ್ಭುತವಾಗಿದ್ದವು. ಇದನ್ನು ಮಾತ್ರ ನಾನು ಯಾವ ಅನುಮಾನವೂ ಇಲ್ಲದೆ ಬರೆಯಬಲ್ಲೆ.

"ಇದ್ಯಾರ್ದು ಕೈ?" ಬೀಗತಿ ಕೇಳಿದರು.

"ನಿಮ್ದೇ ಅಲ್ವಾ ಅತ್ಯಮ್ಮ," ಚೈತ್ರ ಹೇಳಿದಳು. "ಬಳೆ ನೋಡ್ರಿ."

"ಬಳೆ ಬಂದೈತೆ. ನಾನು ಎಲ್ಲಿ ಅದೀನಿ?"

ಶೇಖರಪ್ಪ ಎರಡು ಸಲ ಹಿಂದೆಮುಂದೆ ತಿರುವಿದರು. "ನಾನು ಮಂಟಪಕ್ಕೆ ಕರ್ಕೊಂಡು ಬಂದಿದ್ದು ಎಲ್ಲೈತೆ?"

"ಇಲ್ಲೈತಲ್ಲ ಮಾವ."

"ಇದು ನನ್ನ ಕಿವಿ."

"ಕಿವಿ ಚೆನ್ನಾಗಿ ಬಂದೈತೆ," ಎಂದು ಯಾರೋ ಸಮಾಧಾನ ಮಾಡಿದರು.

"ಕಿವಿ ನೋಡಿ ಸೋದರಮಾವ ಅಂತ ಯಾರು ಗುರುತು ಹಿಡೀತಾರಪ್ಪ? ನಾಳೆ ನಮ್ಮೂರಿಗೆ ಆಲ್ಬಂ ಹೋದ್ರೆ, ಮದುವೆಗೆ ಬರಲಿಲ್ವಾ ನೀನು ಅಂತಾರೆ."

ಆಗ ಗಂಡಿನ ತಂದೆ ಮೆಲ್ಲಗೆ ಕೇಳಿದರು. "ನಮ್ಮಪ್ಪ ಎಲ್ಲಿ?"

ಗಂಡಿನ ಅಜ್ಜ ಕಾಯಿಲೆಯಲ್ಲೂ ಹಟ ಮಾಡಿ ಜಗಳೂರಿನಿಂದ ಕಾರಿನಲ್ಲಿ ಬಂದಿದ್ದರು. ಅವರನ್ನು ಕುರ್ಚಿ ಸಮೇತ ವೇದಿಕೆಗೆ ಎತ್ತಿದ್ದರು. ಚೈತ್ರ ಪುಟ ತಿರುವಿದಳು. ಕುರ್ಚಿಯ ತೋಳಿಗೆ ಒರಗಿಸಿದ ಕೋಲು, ಕೋಲಿನ ಹಿಡಿಯ ಮೇಲೆ ಸುಕ್ಕುಗಟ್ಟಿದ ಒಂದು ಹಸ್ತ, ಅದರ ಮೇಲೆ ಮದುಮಗನ ಹಸ್ತ.

"ಕೋಲು ಐತೆ," ಎಂದರು ಗಂಡಿನ ತಂದೆ. ಅಷ್ಟೇ. ಬೈದಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ.

ರುದ್ರಪ್ಪ ನಜೀರ್ ಸಾಹೇಬರ ಕಡೆ ತಿರುಗಿದರು. "ಏನ್ ಸಾಹೇಬ್ರೇ, ನಮ್ಮ ಅಕ್ಕತಂಗೇರ ಮದುವೆ ಎಲ್ಲಾ ನೀವೇ ತೆಗ್ದಿದ್ದು. ಒಂದು ತಲೆನೂ ಬಿಟ್ಟಿರಲಿಲ್ಲ."

ನಜೀರ್ ಸಾಹೇಬರು ಮಗಳ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

"ನನಗೆ ಈ ಹೊಸ ನಮೂನೆ ತಿಳಿಯಲ್ಲ ರುದ್ರಪ್ಪೋರೇ. ಇಲ್ಲಿ ತಿಳಿದೋರು ಅಂದ್ರೆ ಸರ್. ಬಹುಮಾನ ಕೊಟ್ಟೋರೂ ಅವರೇ. ಸರ್ ಇದು ಚೆನ್ನಾಗೈತೆ ಅಂತ ಒಂದು ಮಾತು ಅಂದ್ರೆ, ಬೇಕಾದ್ರೆ ನಾನು ದುಡ್ಡು ತಗಳಲ್ಲ, ಕ್ಯಾಮೆರಾ ಮಗಳ ಹತ್ರನೇ ಇರ್ಲಿ. ಹೇಳ್ರಿ ಸರ್."

ಎಲ್ಲರೂ ನನ್ನನ್ನು ನೋಡಿದರು. ಒಂದು ಚಿತ್ರದ ಮುಂದೆ ನಿಂತು ಮಾತಾಡು ಎಂದು ನನ್ನನ್ನು ನಿಜವಾಗಿ ಕೇಳಿದ್ದು ಅದೊಂದೇ ಸಲ. ಚಿತ್ರ ಚೆನ್ನಾಗಿದೆ, ಅದನ್ನು ಹಾಗೆ ತೆಗೆಸಿದವನು ನಾನು, ಮುಖ ಬೇಡ ಎಂದವನೂ ನಾನೇ, ಹುಡುಗಿ ಎಲ್ಲರನ್ನೂ ನಿಲ್ಲಿಸಬೇಕೆಂದಿದ್ದಳು: ಹೇಳಬೇಕಾಗಿದ್ದದ್ದು ಇಷ್ಟೇ. ಎದುರಿಗೆ ಭಾವ ಹುಬ್ಬು ಗಂಟಿಕ್ಕಿದ್ದರು. ಬೀಗತಿ ಬಳೆ ತಿರುವುತ್ತಿದ್ದರು. ನಾನು ಕನ್ನಡಕ ತೆಗೆದು ಒರೆಸಿದೆ. ಗಂಟಲು ಸರಿಮಾಡಿಕೊಂಡೆ.

"ಪ್ರಯತ್ನ ಶ್ಲಾಘನೀಯ," ಎಂದೆ. "ಆದರೆ ಫೋಕಸ್ ಇನ್ನೂ ಸ್ವಲ್ಪ ಚೂಪಾಗಿರಬಹುದಿತ್ತು."

ಗಿರಿಜ ನನ್ನ ಕಡೆ ನೋಡಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಹಲವು ಬಗೆಯಲ್ಲಿ ನೋಡಿದ್ದಾಳೆ. ಇದು ಹೊಸದು.

ಶಬಾನಾ ನನ್ನ ಹೆಸರು ಹೇಳಬಹುದಿತ್ತು. "ಸರ್ ಹೇಳ್ದಂಗೆ ತೆಗೆದೆ" ಎಂದಿದ್ದರೆ ಮುಗಿಯುತ್ತಿತ್ತು. ಅವಳು ಮುಂದೆ ಬಂದು, ಚಾಪೆಯ ಅಂಚಿನಲ್ಲಿ ಕೂತು, ಆಲ್ಬಂ ಮುಚ್ಚಿ, ಅದರ ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಸರಿ ಮಾಡಿ ಕೊಡ್ತೀನಿ ಅಣ್ಣಾ," ಎಂದು ರುದ್ರಪ್ಪನವರಿಗೆ ಹೇಳಿದಳು. ಹೋಗುವಾಗ ನನಗೂ "ಬರ್ತೀನಿ ಸರ್" ಎಂದಳು. ಇಲ್ಲ, ಹಾಗೆ ಅನ್ನಲಿಲ್ಲ ಅಂತಾಳೆ ಗಿರಿಜ. ನನಗೆ ಅದು ಬೇಕಾಗಿತ್ತು, ಸೇರಿಸಿಕೊಂಡಿರಬೇಕು.

ಸರಿ ಮಾಡಿದ ಆಲ್ಬಂ ಹದಿನೈದಿಪ್ಪತ್ತು ದಿನದಲ್ಲಿ ಬಂತು. ನೆಂಟರಿಷ್ಟರ ಮೊಬೈಲುಗಳಿಂದ ಸಿಕ್ಕಷ್ಟನ್ನೆಲ್ಲ ತರಿಸಿ ಶಬಾನಾ ಜೋಡಿಸಿದ್ದಳು. ಶೇಖರಪ್ಪನವರ ಪೂರ್ತಿ ಮುಖವಿತ್ತು, ಬಾಯಲ್ಲಿ ಹೋಳಿಗೆಯಿತ್ತು. ಅಜ್ಜ ಒಂದು ಮೂಲೆಯಲ್ಲಿ ಮಂಕಾಗಿ ಸಿಕ್ಕಿದ್ದರು. ಎಲ್ಲರೂ ಮೆಚ್ಚಿದರು. ಆ ಮೆಚ್ಚುಗೆ ನಜೀರ್ ಸಾಹೇಬರ ಕರಾರಿನ ಲೆಕ್ಕಕ್ಕೆ ಬರಲಿಲ್ಲ. ಕಥೆಯಾಗಿದ್ದರೆ ಎರಡು ಹಸ್ತಗಳ ಆ ಚಿತ್ರ ಈಗ ಜಗಳೂರಿನ ಮನೆಯ ಗೋಡೆಯ ಮೇಲೆ ಇರಬೇಕಿತ್ತು. ಇಲ್ಲ. ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ. ಅಲ್ಲಿ ಕ್ಯಾಲೆಂಡರ್ ಇದೆ.

ಬಳಗದವರಿಗೆ ಕಣ್ಣಿನ ತೊಂದರೆ ಎಂದು ಹೇಳಿ ತೀರ್ಪುಗಾರಿಕೆ ಬಿಟ್ಟೆ. ಆಮೇಲಿನ ಸ್ಪರ್ಧೆಗಳಿಗೆ ಶಬಾನಾ ಚಿತ್ರ ಕಳಿಸಲಿಲ್ಲ ಎಂದು ಕೇಳಿದೆ.

ಮೊನ್ನೆ ಬ್ಯಾಂಕಿಗೆ ಪಾಸ್‌ಪೋರ್ಟ್ ಸೈಜಿನ ಫೋಟೊ ಬೇಕಾಯಿತು. ಚನ್ನಗಿರಿಯಲ್ಲಿ ಸ್ಟುಡಿಯೊಗಳಿಗೆ ಬರವಿಲ್ಲ. ಆದರೂ ಬಸ್ ಹತ್ತಿ ಹೊನ್ನಾಳಿಗೆ ಹೋದೆ. ಶಬಾನಾ ಕಂಪ್ಯೂಟರಿನ ಮುಂದೆ ಯಾರದೋ ಮದುವೆಯ ಸಾಲು ಸಾಲು ಮುಖಗಳಿಗೆ ಬೆಳಕು ಹೆಚ್ಚಿಸುತ್ತಿದ್ದಳು.

"ಅಬ್ಬಾ ಇಲ್ವಾ?" ಎಂದೆ.

"ಡಾಕ್ಟ್ರ ಹತ್ರ ಹೋಗ್ಯಾರೆ. ದೊಡ್ಡಪ್ಪನ ಮಗ ಮದುವೆ ತೆಗೆಯಾಕೆ ಹೋಗ್ಯಾನೆ. ಪಾಸ್‌ಪೋರ್ಟ್ ಸೈಜಾ ಸರ್? ಅದನ್ನ ನಾನೇ ತೆಗೀತೀನಿ. ಬರ್ರಿ, ಕೂತ್ಕೊಳ್ರಿ."

ನೀಲಿ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂತೆ. ಅವಳು ನನ್ನ ಗದ್ದವನ್ನು ಸ್ವಲ್ಪ ಕೆಳಕ್ಕೆ ಇಳಿಸಲು ಹೇಳಿದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ.

"ಶಬಾನಾ, ಅವತ್ತು ನ್ಯಾಮತಿಯಲ್ಲಿ ನಾನು..."

"ಮಾತಾಡಬ್ಯಾಡ್ರಿ ಸರ್. ಅಲುಗಾಡತೈತೆ."

ಫ್ಲ್ಯಾಶ್ ಹೊಳೆಯಿತು. ಅವಳು ಕ್ಯಾಮೆರಾದ ಹಿಂದೆ ಬಗ್ಗಿ ನೋಡಿದಳು.

"ಬಾಯಿ ಸ್ವಲ್ಪ ತೆರೆದಂಗೆ ಬಂದೈತೆ. ಇನ್ನೊಂದು ತೆಗೀಲಾ?"

"ಬೇಡಮ್ಮ," ಎಂದೆ. "ಚೆನ್ನಾಗಿದೆ."

ಎಷ್ಟು ಸುಲಭವಾಗಿ ಬಂತು ಆ ಮಾತು. ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಇನ್ನೇನು ಏನೋ ಮುಖ್ಯವಾದದ್ದನ್ನು ಹೇಳಿಬಿಡುತ್ತಾನೆ ಎನ್ನುವಂತೆ ನಾನು ಬಾಯಿ ತೆರೆದುಕೊಂಡು ಕೂತಿದ್ದೇನೆ. ಕೌಂಟರಿನವರು ಫೋಟೊ ನೋಡುತ್ತಾರೆ, ನನ್ನನ್ನು ನೋಡುತ್ತಾರೆ, "ಹೌದು, ನೀವೇ" ಎಂದು ಮೊಹರು ಒತ್ತುತ್ತಾರೆ.